ಹಿಂದಿನ ಸೀಟಿನ ವಾಸನೆ

ಅಮ್ಮ ಆ ಕಾರಿನಲ್ಲಿ ಕೂತು ವಾರಗಳೇ ಆಗಿದ್ದವು. ಅವಳನ್ನು ಆಸ್ಪತ್ರೆಗೆ ಒಯ್ದದ್ದು ಆಂಬುಲೆನ್ಸಿನಲ್ಲಿ. ಆಮೇಲೆ ಕಾರಿನ ಹಿಂದಿನ ಸೀಟನ್ನು ಗ್ಯಾರೇಜಿನಲ್ಲಿ ನೊರೆ ಹಾಕಿ ಉಜ್ಜಿಸಿ, ಬಾಗಿಲು ತೆರೆದಿಟ್ಟು ಬಿಸಿಲಿಗೆ ಒಣಗಿಸಿದ್ದಾಗಿತ್ತು. ಸಾಲದು ಎಂದು ಇನ್ನೊಂದು ಸಲ ತೊಳೆಸಿದ್ದೂ ಆಗಿತ್ತು. ಆದರೂ ಆ ಬೆಳಿಗ್ಗೆ, ರಸ್ತೆ ಅಗೆಯುತ್ತಿದ್ದ ಕಡೆ ದೂಳು ಎದ್ದಿತೆಂದು ಮಗ ಗಾಜು ಏರಿಸಿ ಏಸಿ ಹಾಕಿದಾಗ ಅದೇ ವಾಸನೆ ಬಂತು. ಹಳೆಯ ಉಚ್ಚೆಯ ವಾಸನೆ. ಮೂಗಿಗೆ ಚುಚ್ಚಿ ಗಂಟಲಿಗೆ ಇಳಿಯುವಂಥದ್ದು.

ಅವನು ಕಾರನ್ನು ಪಕ್ಕಕ್ಕೆ ಹಾಕಿ ಹಿಂದಕ್ಕೆ ತಿರುಗಿ ನೋಡಿದ. ಸೀಟಿನ ಮೇಲೆ ಯಾರೂ ಇರಲಿಲ್ಲ.

ಫ್ಯಾನ್ ಆರಿಸಿದ. ಸ್ವಲ್ಪ ಹೊತ್ತಿಗೆ ವಾಸನೆ ತಗ್ಗಿತು. ಮತ್ತೆ ಹಾಕಿದ. ಎದುರಿನ ಜಾಲರಿಯಿಂದ ಗಾಳಿಯ ಜೊತೆಗೇ ಮುಖಕ್ಕೆ ಬಡಿಯಿತು. ಅವನದು ಕನ್ನಡಕದ ಅಂಗಡಿ. ಬಂದವರ ಕಣ್ಣಿನ ಮುಂದೆ ಗಾಜು ಬದಲಾಯಿಸುತ್ತಾ "ಇದರಲ್ಲಿ ಸರಿ ಕಾಣುತ್ತಾ, ಅದರಲ್ಲಾ?" ಎಂದು ದಿನವಿಡೀ ಕೇಳುವುದೇ ಅವನ ಕೆಲಸ. ಈಗ ಕಾರಿನ ಫ್ಯಾನಿನ ಗುಂಡಿಯನ್ನು ಹಿಡಿದು ಹಾಗೇ ತಿರುಗಿಸುತ್ತಾ ಕೂತ. ಹಾಕಿದರೆ ಬರುತ್ತೆ, ಆರಿಸಿದರೆ ಹೋಗುತ್ತೆ. ಇದಕ್ಕೆ ಯಾವ ವಿದ್ಯೆಯೂ ಬೇಕಿರಲಿಲ್ಲ. ಕಳೆದ ಇಷ್ಟು ತಿಂಗಳಲ್ಲಿ ಯಾವ ದಿನ ಬೇಕಾದರೂ ಮಾಡಿ ನೋಡಬಹುದಿತ್ತು.

ಡಿಕ್ಕಿಯಲ್ಲಿ ಅಮ್ಮನ ಬಟ್ಟೆಯ ಪೆಟ್ಟಿಗೆ ಇತ್ತು. ಅವಳಿಗೆ ಆಸ್ಪತ್ರೆಯಿಂದ ಅಂದೇ ಬಿಡುಗಡೆ. ಅಲ್ಲಿಂದ ಅವಳು ಹೋಗಬೇಕಾದ್ದು ಮನೆಗಲ್ಲ, ಊರಾಚೆಯ ಆರೈಕೆ ಕೇಂದ್ರಕ್ಕೆ. ಬಟ್ಟೆಯಲ್ಲಿ ಮಾಡಿಕೊಳ್ಳುವ ಮುದುಕಿಯನ್ನು ಮನೆಯಲ್ಲಿ ನೋಡಿಕೊಳ್ಳುವುದು ಆಗದ ಮಾತು ಎಂದು ಗಂಡ ಹೆಂಡತಿ ಸೇರಿ ಮಾಡಿದ್ದ ತೀರ್ಮಾನ ಅದು. ಪೆಟ್ಟಿಗೆಯನ್ನು ಮುಂಚಿತವಾಗಿ ಅಲ್ಲಿ ಇಳಿಸಿ ಬರಲು ಅವನು ಹೊರಟಿದ್ದ. ಈಗ ಕಾರನ್ನು ಗ್ಯಾರೇಜಿನ ಕಡೆ ತಿರುಗಿಸಿದ.

ವಾಸನೆ ಶುರುವಾದದ್ದು ಹೋದ ಬೇಸಿಗೆಯಲ್ಲಿ. ಮೊಣಕಾಲಿನ ವ್ಯಾಯಾಮಕ್ಕೆಂದು ಅಮ್ಮನನ್ನು ವಾರಕ್ಕೊಮ್ಮೆ ಕರೆದೊಯ್ಯಬೇಕಿತ್ತು. ಸೆಕೆ ಅವಳಿಗೆ ಆಗುತ್ತಿರಲಿಲ್ಲ, ಹಾಗಾಗಿ ಏಸಿ. ಒಬ್ಬನೇ ಅಂಗಡಿಗೆ ಹೋಗುವಾಗ ಅವನು ಗಾಜು ಇಳಿಸಿಕೊಂಡೇ ಹೋಗುತ್ತಿದ್ದ, ಏಸಿ ಪೆಟ್ರೋಲ್ ಕುಡಿಯುತ್ತದೆ ಎಂದು. ಅವನ ಹೆಂಡತಿಗೆ ಕಾರು ಬಿಡಲು ಬರುತ್ತಿರಲಿಲ್ಲ. ಅತ್ತೆಯ ಜೊತೆಗೆ ಹೋಗಬೇಕಾದಾಗ ಮಾತ್ರ ಅವಳು ಕೂರುತ್ತಿದ್ದಳು. ಅಮ್ಮ ಇದ್ದಾಗ ವಾಸನೆ ಇತ್ತು, ಇಲ್ಲದಾಗ ಇರಲಿಲ್ಲ. ಅದಕ್ಕಿಂತ ಹೆಚ್ಚಿಗೆ ಯಾರೂ ಯೋಚಿಸಲಿಲ್ಲ.

ಮಾತಂತೂ ಯಾರೂ ಆಡಲಿಲ್ಲ. ಮೊದಲ ದಿನ ಗಂಡ ಹೆಂಡತಿ ಕನ್ನಡಿಯಲ್ಲಿ ಒಬ್ಬರನ್ನೊಬ್ಬರು ನೋಡಿಕೊಂಡರು, ಅಷ್ಟೇ. ಮುಂದಿನ ವಾರ ಹಿಂದಿನ ಸೀಟಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಬಂತು. ಕೂತರೆ ಸರಬರ ಎನ್ನುತ್ತಿತ್ತು.

"ಇದೇನೋ?" ಎಂದು ಅಮ್ಮ ನಕ್ಕಿದ್ದಳು. "ನಾನೇನು ಹೊಸ ಸೋಫಾನಾ, ಕವರ್ ಬಿಚ್ಚದೆ ಇಡೋಕೆ?"

"ಸೀಟು ಹಾಳಾಗಬಾರದು ಅಂತ, ಅಮ್ಮ."

"ಅದೇ ಕೇಳಿದ್ದು. ಯಾರಿಂದ ಹಾಳಾಗುತ್ತೆ?"

ಅವನು ಗೇರು ಬದಲಾಯಿಸಿದ. ಅಮ್ಮ ನಿವೃತ್ತಿಯಾಗುವವರೆಗೆ ಟೆಲಿಫೋನ್ ಆಪರೇಟರ್ ಆಗಿದ್ದವಳು. ತಂತಿಯ ಆ ಕಡೆಯವರು ಬಾಯಿ ಬಿಡುವುದಕ್ಕೆ ಮುಂಚೆಯೇ ಸಿಟ್ಟಿದೆಯೋ ಸಂಕಟವಿದೆಯೋ ತಿಳಿಯುತ್ತಿತ್ತು ಎಂದು ಹೇಳಿಕೊಳ್ಳುತ್ತಿದ್ದವಳು. ಮಗನ ಮೌನ ಅರ್ಥವಾಗಲು ಅವಳಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ವಾಸನೆ ಅವಳ ಮೂಗಿಗೂ ಬರುತ್ತಿತ್ತು. ತನಗೆ ತಿಳಿಯದಂತೆ ತನ್ನಿಂದಲೇ ಆಗುತ್ತಿದೆ ಎಂದು ಅವಳೂ ನಂಬಿದಳು. ಆ ದಿನದಿಂದ ಕಾರಿನಲ್ಲಿ ಅವಳ ತಮಾಷೆ ನಿಂತಿತು.

ಸೀಟನ್ನು ಯಾರೂ ಮೂಸಿ ನೋಡಲಿಲ್ಲ. ಬಗ್ಗಿ ಮೂಗು ಹಿಡಿದಿದ್ದರೆ ಅಲ್ಲಿ ಬಟ್ಟೆಯ ವಾಸನೆ ಬಿಟ್ಟು ಬೇರೇನೂ ಇಲ್ಲವೆಂದು ಗೊತ್ತಾಗುತ್ತಿತ್ತು. ಆದರೆ ತಾಯಿ ಕೂತೆದ್ದ ಜಾಗವನ್ನು ಮೂಸುವುದು ಅವಳ ಮಾನಕ್ಕೆ ಕೈ ಹಾಕಿದಂತೆ ಎಂದು ಮಗನಿಗೆ ಅನ್ನಿಸಿತ್ತು. ಸೊಸೆಗೂ ಹಾಗೇ. ಇಬ್ಬರೂ ಮರ್ಯಾದೆಯವರು. ಆ ಮರ್ಯಾದೆಗಾಗಿ ನೇರ ವೈದ್ಯರ ಹತ್ತಿರವೇ ಹೋದರು.

ಮಗ ಮೊದಲು ಒಬ್ಬನೇ ಒಳಗೆ ಹೋಗಿ ತಗ್ಗಿದ ದನಿಯಲ್ಲಿ ವಿಷಯ ಹೇಳಿದ. ಆಮೇಲೆ ಅಮ್ಮನನ್ನು ಕರೆದರು. "ತಡೆಯೋಕೆ ಆಗಲ್ವಾ ಅಮ್ಮಾ?" ಎಂದು ವೈದ್ಯರು ಕೇಳಿದಾಗ ಅಮ್ಮ ಗೋಡೆಯ ಕಡೆ ನೋಡುತ್ತಾ, "ವಯಸ್ಸಾಯ್ತಲ್ಲ," ಎಂದಳು. ವೈದ್ಯರು ಅದನ್ನು ಹೌದು ಎಂದು ತಿಳಿದರು. ಮೂತ್ರಕೋಶದ ಸೆಳೆತ ತಗ್ಗಿಸುವ ಮಾತ್ರೆ ಬರೆದುಕೊಟ್ಟರು.

ಅಷ್ಟು ಹೊತ್ತಿಗೆ ಅವಳು ನೀರು ಕುಡಿಯುವುದನ್ನು ಬಿಟ್ಟಿದ್ದಳು. ಮೊದಲು ಕಾರು ಹತ್ತುವ ದಿನ ಮಾತ್ರ, ಆಮೇಲೆ ಎಲ್ಲ ದಿನವೂ. ಮಾತ್ರೆ ಅವಳ ಬಾಯನ್ನು ಇನ್ನಷ್ಟು ಒಣಗಿಸಿತು. ಮಾತು ತಡವರಿಸತೊಡಗಿತು. ಒಂದು ಸಂಜೆ ಮನೆಯ ಫೋನ್ ಎತ್ತಿಕೊಂಡು, ಗಟ್ಟಿಯಾದ ಹಳೆಯ ದನಿಯಲ್ಲಿ, "ಯಾವ ಊರು ಬೇಕು, ಹೇಳಿ," ಎಂದಳು. ಆ ಕಡೆ ಮಾತಾಡುತ್ತಿದ್ದದ್ದು ಅವಳ ತಂಗಿ. ಮತ್ತೆ ಕೆಲವು ದಿನಕ್ಕೆ ಬಚ್ಚಲಲ್ಲಿ ಬಿದ್ದಳು. ಮೈಯಲ್ಲಿ ನೀರೇ ಇಲ್ಲ, ಮೂತ್ರಪಿಂಡ ಸೋತಿದೆ, ಮೂತ್ರ ಕಟ್ಟಿಕೊಂಡಿದೆ ಎಂದರು ಆಸ್ಪತ್ರೆಯವರು. ಮೂತ್ರ ಹೊರಹೋಗಲು ನಳಿಗೆ ಹಾಕಿದರು.

ಗ್ಯಾರೇಜಿನವನಿಗೆ ಗಿರಾಕಿಗಳು ಇಟ್ಟಿದ್ದ ಹೆಸರು ಸೈಲೆನ್ಸರ್. ಬಾಯಿ ಮುಚ್ಚಿದ್ದನ್ನು ಯಾರೂ ಕಂಡಿರಲಿಲ್ಲ, ಅದಕ್ಕೆ.

"ಏನ್ ಸಾರ್, ಮತ್ತೆ ಸೀಟು ತೊಳೀಬೇಕಾ? ಇನ್ನೊಂದ್ಸಲ ಉಜ್ಜಿದ್ರೆ ಬಟ್ಟೆ ಕಿತ್ಕೊಂಡು ಬರುತ್ತೆ, ಆಮೇಲೆ ಸ್ಪಂಜಿನ ಮೇಲೆ ಕೂರಬೇಕು."

"ಸೀಟಲ್ಲ. ಫ್ಯಾನ್ ಹಾಕಿದ್ರೆ ವಾಸನೆ ಬರುತ್ತೆ."

"ವಾಸನೆ ಅಂದ್ರೆ ನೂರೆಂಟು ಸಾರ್. ಒದ್ದೆ ಗೋಣಿಚೀಲದ ಥರ ಇದ್ರೆ ಏಸಿ ಒಳಗೆ ಬೂಷ್ಟು ಹಿಡಿದಿದೆ. ಸಿಹಿ ಸಿಹಿ ಇದ್ರೆ ಇಂಜಿನ್ ತಣ್ಣಗೆ ಮಾಡೋ ನೀರು ಎಲ್ಲೋ ಸೋರ್ತಿದೆ. ಹೊಗೆ ವಾಸನೆ ಇದ್ರೆ ಕಾರು ಅಲ್ಲೇ ಬಿಟ್ಟು ನಡ್ಕೊಂಡು ಬನ್ನಿ, ಜೀವ ಇದ್ರೆ ಬೇರೆ ಕಾರು ತಗೋಬಹುದು. ನಿಮ್ದು ಯಾವುದು?"

ಮಗ ಅತ್ತಿತ್ತ ನೋಡಿ, "ಉಚ್ಚೆ ವಾಸನೆ," ಎಂದ. ಇಷ್ಟು ತಿಂಗಳಲ್ಲಿ ಆ ಪದವನ್ನು ಅವನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

"ಅಷ್ಟು ಹೇಳೋಕೆ ಏನ್ ಸಾರ್ ನಾಚಿಕೆ, ಹೆಣ್ಣು ನೋಡೋಕೆ ಬಂದವರ ಥರ!"

ಸೈಲೆನ್ಸರ್ ಮೊದಲು ಹಿಂದಿನ ಬಾಗಿಲು ತೆಗೆದು, ಮೊಣಕೈ ಊರಿ, ಸೀಟಿಗೆ ಮೂಗು ಒತ್ತಿ ಉಸಿರೆಳೆದ. "ಸೋಪು," ಎಂದ. ಆಮೇಲೆ ಮುಂದೆ ಕೂತು ಫ್ಯಾನ್ ಹಾಕಿದ. ಹೊರಗಿನ ಗಾಳಿ ಒಳಗೆ ಬರುವಂತೆ ಇಟ್ಟಾಗ ಒಮ್ಮೆ, ಒಳಗಿನ ಗಾಳಿಯೇ ಸುತ್ತುವಂತೆ ಇಟ್ಟಾಗ ಒಮ್ಮೆ ಜಾಲರಿಗೆ ಮುಖ ಹಿಡಿದ. ಎರಡರಲ್ಲೂ ಬರುತ್ತಿತ್ತು. ಎಡಗಡೆ ಸೀಟಿನ ಮುಂದಿನ ಪುಟ್ಟ ಪೆಟ್ಟಿಗೆಯಲ್ಲಿದ್ದುದನ್ನೆಲ್ಲ ಹೊರಗೆ ಹಾಕಿ, ಅದರ ಎರಡು ಬದಿಯನ್ನೂ ಒಳಕ್ಕೆ ಒತ್ತಿ ಕೆಳಗಿಳಿಸಿದ. ಹಿಂದೆ ಒಂದು ಮುಚ್ಚಳ ಕಾಣಿಸಿತು. ಅದನ್ನು ತೆಗೆದವನು ತಲೆ ಹಿಂದಕ್ಕೆ ಎಳೆದುಕೊಂಡ.

"ಅಬ್ಬಾ! ಇಲ್ಲಿ ಸಂಸಾರಾನೇ ಹೂಡಿಬಿಟ್ಟಿದಾವೆ ಸಾರ್. ಮೂಗು ಮುಚ್ಕೊಳ್ಳಿ."

ಕೈಗೆ ಗವಸು ಹಾಕಿ, ಮುಖಕ್ಕೆ ಬಟ್ಟೆ ಕಟ್ಟಿ, ಒಣ ಹಿಕ್ಕೆಯ ದೂಳು ಏಳದಂತೆ ಮೊದಲು ಔಷಧದ ನೀರು ಚಿಮುಕಿಸಿ, ಗಾಳಿ ಸೋಸುವ ಫಿಲ್ಟರನ್ನು ಮೆಲ್ಲಗೆ ಎಳೆದ. ಬೂದು ಬಣ್ಣದ್ದಾಗಬೇಕಿದ್ದ ಅದು ಕಂದು ಬಣ್ಣಕ್ಕೆ ತಿರುಗಿ ನಡುವೆ ತೂತಾಗಿತ್ತು. ಮೇಲೆ ಇಲಿಯ ಗೂಡು. ಸ್ಪಂಜಿನ ಚೂರು, ಕಾಗದ, ಕಡುನೀಲಿ ಬಟ್ಟೆಯ ಎಳೆ. ಅದರೊಳಗೆ ಇನ್ನೂ ಕಣ್ಣು ಬಿಡದೆ ಸತ್ತು ಒಣಗಿದ್ದ ಮರಿಗಳು. ಕಡುನೀಲಿ ಬಟ್ಟೆ ಮಗನಿಗೆ ಗುರುತು ಸಿಕ್ಕಿತು. ಅವನ ಹೆಂಡತಿ ಶಾಲೆಯ ಮಕ್ಕಳಿಗೆ ಸಮವಸ್ತ್ರ ಹೊಲಿಯುವವಳು. ಕತ್ತರಿಸಿ ಉಳಿದ ಚೂರುಗಳ ಚೀಲ ಕಾರು ನಿಲ್ಲಿಸುವ ಮೂಲೆಯಲ್ಲೇ ಇರುತ್ತಿತ್ತು.

"ಹೇಗೆ ಒಳಗೆ ಬಂದವು?"

ಸೈಲೆನ್ಸರ್ ಬಾನೆಟ್ ಎತ್ತಿ, ಮುಂದಿನ ಗಾಜಿನ ಬುಡದಲ್ಲಿ ಗಾಳಿ ಒಳಗೆ ಹೋಗುವ ಜಾಗಕ್ಕೆ ಟಾರ್ಚ್ ಬಿಟ್ಟ. ಅಲ್ಲಿ ಜಾಲರಿ ಇರಬೇಕಿತ್ತು. ಇರಲಿಲ್ಲ. ಅವನು ಟಾರ್ಚನ್ನು ಆರಿಸದೆ ಹಾಗೇ ಹಿಡಿದುಕೊಂಡು ನಿಂತ.

"ಇದು ನಾನೇ ಬಿಟ್ಟಿದ್ದು ಸಾರ್," ಎಂದ ಕೊನೆಗೆ. "ವೈಪರ್ ಮೋಟರ್ ಹಾಕಿದಾಗ ಜಾಲರಿ ಮುರೀತು. ಹೊಸದು ಬಂದ ಮೇಲೆ ಹಾಕೋಣ ಅಂದ್ಕೊಂಡೆ. ಮರೆತೇ ಹೋಯ್ತು."

"ಯಾವಾಗ?"

"ಹೋದ ಬೇಸಿಗೆಗೆ ಸ್ವಲ್ಪ ಮುಂಚೆ." ಟಾರ್ಚ್ ಆರಿಸಿದ. "ಒಂದು ಮಾತು ಕೇಳ್ತೀನಿ, ತಪ್ಪು ತಿಳ್ಕೋಬೇಡಿ. ಸೀಟು ಯಾಕೆ ಅಷ್ಟು ಸಲ ತೊಳೆಸಿದ್ರಿ?"

"ಅಮ್ಮ ಕೂರ್ತಿದ್ರು ಅಲ್ಲಿ."

ಸೈಲೆನ್ಸರ್ ಆಮೇಲೆ ಮಾತಾಡಲಿಲ್ಲ. ಫ್ಯಾನಿನ ಮೋಟರನ್ನು ಕಳಚಿ, ಅದರ ಎಸಳಿನ ಸಂದಿಯಲ್ಲಿ ಅಂಟಿದ್ದುದನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತೊಳೆದ. ಒಳಗೆ ತಂಪು ಮಾಡುವ ಸುರುಳಿಗೆ ನೊರೆ ಊದಿ ಬಿಟ್ಟ. ಅದು ಕರಗಿ ಕಾರಿನಡಿಯ ಕೊಳವೆಯಿಂದ ಕಂದು ನೀರಾಗಿ ಹನಿಯಿತು. ತಿಳಿನೀರು ಹನಿಯುವ ತನಕ ಮತ್ತೆ ಮತ್ತೆ ಊದಿದ. ಹೊಸ ಫಿಲ್ಟರ್ ಇಟ್ಟ. ಗಾಳಿಯ ಬಾಯಿಗೆ ಕಬ್ಬಿಣದ ಸಣ್ಣ ಬಲೆ ಕತ್ತರಿಸಿ ಸ್ಕ್ರೂ ಹಾಕಿದ. ಬಾಗಿಲುಗಳನ್ನೆಲ್ಲ ತೆರೆದು ಫ್ಯಾನನ್ನು ಜೋರಾಗಿ ಓಡಿಸಿದ. ಆಮೇಲೆ ಮಗ ಬಾಗಿಲು ಮುಚ್ಚಿಕೊಂಡು ಹಿಂದಿನ ಸೀಟಿನಲ್ಲಿ, ಅಮ್ಮ ಕೂರುತ್ತಿದ್ದ ಕಡೆ ಕೂತು ನೋಡಿದ. ತಣ್ಣನೆಯ ಗಾಳಿ, ಸ್ವಲ್ಪ ಔಷಧದ ವಾಸನೆ, ಅಷ್ಟೇ.

"ನೀವು ಸೀಟು ತೊಳಿ ಅಂದ್ರಿ, ತೊಳೆದೆ," ಎಂದ ಸೈಲೆನ್ಸರ್ ಕಿಟಕಿಯ ಹತ್ತಿರ ಬಗ್ಗಿ. "ಯಾಕೆ ಅಂತ ನಾನೂ ಕೇಳಲಿಲ್ಲ ಸಾರ್."

ಆಸ್ಪತ್ರೆಯ ಓಣಿಯಲ್ಲಿ ಹೆಂಡತಿ ಕೈಯಲ್ಲಿ ಔಷಧದ ಚೀಲ ಹಿಡಿದು ಕಾಯುತ್ತಿದ್ದಳು. ಮಗ ಎಲ್ಲ ಹೇಳಿದ. ಅವಳು ಬೆಂಚಿನ ಮೇಲೆ ಕೂತಳು.

"ಪ್ಲಾಸ್ಟಿಕ್ ತಂದಿದ್ದು ನಾನು," ಎಂದಳು.

"ಹಾಸಿದ್ದು ನಾನು."

"ಸೀಟು ಒದ್ದೆ ಇದೆಯಾ ಅಂತ ಒಂದ್ಸಲ ಮುಟ್ಟಿ ನೋಡಿದ್ರೂ ಆಗ್ತಿತ್ತಲ್ಲ ರೀ. ಅವರಿಗೆ ಗೊತ್ತಾದ್ರೆ ನೊಂದ್ಕೋತಾರೆ ಅಂತ..."

ಇಬ್ಬರೂ ವೈದ್ಯರ ಕೋಣೆಗೆ ಹೋದರು. ವೈದ್ಯರು ಕೇಳುವಷ್ಟು ಹೊತ್ತೂ ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡುತ್ತಿದ್ದರು. "ನೀವು ಹೇಳಿದ್ದರ ಮೇಲೆ ಕೊಟ್ಟ ಮಾತ್ರೆ ಅದು," ಎಂದರು. ಇಲ್ಲಿಗೆ ಸೇರಿಸಿದಾಗ ನಿಲ್ಲಿಸಿದ್ದ ಅದನ್ನು ಬಿಡುಗಡೆಯ ಚೀಟಿಯಲ್ಲಿ ಮತ್ತೆ ಬರೆದಿದ್ದರು. ಈಗ ಹೊಡೆದು ಹಾಕಿದರು. ಮೂತ್ರ ಕಟ್ಟಿಕೊಂಡದ್ದೂ ಆ ಮಾತ್ರೆಯಿಂದಲೇ ಇರಬಹುದು, ನಿಲ್ಲಿಸಿದ್ದರಿಂದಲೇ ಈಗ ಅವರ ಮನಸ್ಸು ತಿಳಿಯಾಗಿರುವುದು, ಇನ್ನೂ ತಿಳಿಯಾಗಬಹುದು. ಮೂತ್ರಪಿಂಡ ಪೂರ್ತಿ ಮೊದಲಿನಂತಾಗುತ್ತದೆ ಎಂದು ಹೇಳಲಾಗದು ಎಂದರು.

"ಆದ್ರೆ ಈಗ ನಿಜವಾಗ್ಲೂ ಸೋರ್ತಿದೆಯಲ್ಲ ಡಾಕ್ಟ್ರೇ," ಎಂದಳು ಸೊಸೆ. "ಎರಡು ದಿನದಿಂದ ಬಟ್ಟೆ ಬದಲಾಯಿಸ್ತಿದ್ದೀವಿ."

"ನಳಿಗೆ ತೆಗೆದ ಮೇಲೆ ಹಾಗಾಗೋದು ಉಂಟು. ಹೊತ್ತು ಹೊತ್ತಿಗೆ ಬಚ್ಚಲಿಗೆ ಕರ್ಕೊಂಡು ಹೋಗಿ ಅಭ್ಯಾಸ ಮಾಡಿಸಬೇಕು. ಮಾಡಿಸಿದ್ರೆ ಹಿಡಿತ ಬರುತ್ತೆ. ಡೈಪರ್ ಕಟ್ಟಿ ಮಲಗಿಸಿದ್ರೆ ಬರಲ್ಲ."

ಹೊರಗೆ ಬಂದ ಮೇಲೆ ಹೆಂಡತಿ, "ಮನೆಗೇ ಕರ್ಕೊಂಡು ಹೋಗೋಣ ರೀ," ಎಂದಳು. "ಹೊಲಿಗೆ ಮಿಷನ್ ಅವರ ಕೋಣೆಗೇ ಹಾಕ್ಕೋತೀನಿ. ನಾನು ಕರ್ಕೊಂಡು ಹೋಗ್ತೀನಿ ಹೊತ್ತು ಹೊತ್ತಿಗೆ." ಬಾಯಿಮಾತಿಗೆ ಹೇಳಿದ್ದಲ್ಲ ಎಂಬುದು ಅವಳ ಮುಖದಲ್ಲೇ ಇತ್ತು.

ಅಮ್ಮ ಬಟ್ಟೆ ಬದಲಾಯಿಸಿಕೊಂಡು, ತಲೆ ಬಾಚಿಕೊಂಡು, ಮಂಚದ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಕೆನ್ನೆ ಒಳಗೆ ಹೋಗಿತ್ತು. ಕಣ್ಣು ಮಾತ್ರ ಅವಳದೇ ಆಗಿತ್ತು.

"ಅಮ್ಮ, ಕಾರಲ್ಲಿ ಬರ್ತಿದ್ದ ವಾಸನೆ ನಿಂದಲ್ಲ. ಇಲಿ ಗೂಡು ಕಟ್ಟಿತ್ತು. ಫ್ಯಾನಿನ ಒಳಗೆ."

ಅಮ್ಮ ತಲೆಯನ್ನು ಸ್ವಲ್ಪ ಓರೆ ಮಾಡಿ ಕೇಳಿಸಿಕೊಂಡಳು. ಅವನು ಫಿಲ್ಟರು, ಜಾಲರಿ, ಮರಿಗಳು ಎಲ್ಲವನ್ನೂ ಹೇಳಿದ. ಹೇಳುತ್ತಾ ಹೋದಂತೆ ದನಿ ಏರಿತು. ಪಕ್ಕದ ಮಂಚದವರು ತಿರುಗಿ ನೋಡಿದರು. ಅವನು ಮುಗಿಸಿದ ಮೇಲೆ ಅಮ್ಮ ನಕ್ಕಳು. ತಿಂಗಳುಗಳ ಮೇಲೆ ಕೇಳಿದ ನಗು.

"ಚೆನ್ನಾಗಿದೆ ಕಣೋ. ಚಿಕ್ಕವನಿದ್ದಾಗ ಹಾಸಿಗೆ ಒದ್ದೆ ಮಾಡ್ಕೊಂಡು ಬೆಕ್ಕಿನ ಮೇಲೆ ಹಾಕ್ತಿದ್ದೆ. ನಾನೂ ನಂಬಿದ ಹಾಗೆ ಮಾಡಿ, ಬೆಕ್ಕಿಗೆ ಬೈತಿದ್ದೆ. ಈಗ ನನಗೋಸ್ಕರ ಇಲಿ ತಂದಿದ್ದೀಯ."

"ಇಲ್ಲಮ್ಮ, ನಿಜ. ನೋಡಿಲ್ಲಿ." ಮೊಬೈಲಿನಲ್ಲಿ ತೆಗೆದಿದ್ದ ಚಿತ್ರವನ್ನು ಅವಳ ಮುಂದೆ ಹಿಡಿದ. ಅವಳು ಅದನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ ವಾಪಸು ಕೊಟ್ಟಳು. ಬಚ್ಚಲಲ್ಲಿ ಬಿದ್ದಾಗ ಅವಳ ಕನ್ನಡಕ ಒಡೆದಿತ್ತು. ಹೊಸದನ್ನು ಮಾಡಿಕೊಡುವುದು ಕನ್ನಡಕದ ಅಂಗಡಿಯ ಮಗನಿಗೆ ಇನ್ನೂ ಆಗಿರಲಿಲ್ಲ.

"ನಿನ್ನೆ ಹಾಸಿಗೆ ಒದ್ದೆಯಾಗಿತ್ತು," ಎಂದಳು ಅಮ್ಮ. "ಅದೂ ಇಲಿನಾ?"

"ಅದು ನಳಿಗೆ ಹಾಕಿದ್ರಲ್ಲ, ಅದಕ್ಕೆ. ಅಭ್ಯಾಸ ಮಾಡಿದ್ರೆ ಸರಿ ಹೋಗುತ್ತಂತೆ. ಡಾಕ್ಟರೇ ಹೇಳಿದ್ರು."

"ಒಂದಕ್ಕೆ ಇಲಿ, ಇನ್ನೊಂದಕ್ಕೆ ನಳಿಗೆ. ಮೂರನೇದಕ್ಕೆ ಏನ್ ಹುಡುಕ್ತೀಯೋ ಪಾಪ."

ಸೊಸೆ ಕುರ್ಚಿಯ ಪಕ್ಕ ಮಂಡಿಯೂರಿ ಕೂತಳು. "ಅತ್ತೆ, ಮನೆಗೆ ಬನ್ನಿ. ತಪ್ಪಾಯ್ತು. ನಾವೇ ಸುಮ್ಮನೆ ಏನೇನೋ ಅಂದ್ಕೊಂಡ್ವಿ."

"ನೀನು ಒಳ್ಳೆಯವಳು ಕಣಮ್ಮ. ಒಂದು ದಿನ ಬಾಯಿಬಿಟ್ಟು ಅನ್ನಲಿಲ್ಲ. ಅಷ್ಟು ವಾಸನೆ ಇಟ್ಕೊಂಡೂ." ಅಮ್ಮ ಅವಳ ತಲೆಯ ಮೇಲೆ ಕೈಯಿಟ್ಟಳು. "ಅದಕ್ಕೇ ನಾನು ಮನೆಗೆ ಬರಲ್ಲ, ಆ ಆರೈಕೆ ಕೇಂದ್ರಕ್ಕೇ ಹೋಗ್ತೀನಿ. ಅಲ್ಲಿರೋರೆಲ್ಲ ಹೊರಗಿನವರು. ಮುಖ ಸಿಂಡರಿಸ್ತಾರೆ, ಬೈತಾರೆ, ತೊಳೀತಾರೆ. ಅಲ್ಲಿಗೆ ಮುಗೀತು. ನೀವು ಸಿಂಡರಿಸಲ್ಲ, ಕನ್ನಡಿಯಲ್ಲಿ ನೋಡ್ಕೋತೀರಿ. ಅದು ನನ್ನ ಕೈಲಾಗಲ್ಲ."

ಮಗ ಮತ್ತೆ ಹೇಳಿದ. ಬೇಡಿಕೊಂಡ, ಸ್ವಲ್ಪ ಗದರಿದ. ಗದರಿದಾಗ ಅಮ್ಮ ಕುರ್ಚಿಯ ತೋಳು ಹಿಡಿದುಕೊಂಡಳು. "ನೀವು ಕರ್ಕೊಂಡು ಹೋಗದಿದ್ರೆ ನಾನೇ ಯಾವುದಾದ್ರೂ ಗಾಡಿ ಹಿಡ್ಕೊಂಡು ಹೋಗ್ತೀನಿ," ಎಂದು ಎದ್ದು ನಿಂತಳು. ಕುರ್ಚಿಯ ಮೇಲೆ ಒದ್ದೆಯ ಕಲೆ ಇತ್ತು. ಅವಳು ಅದನ್ನು ನೋಡಿದಳು. ಅವರಿಬ್ಬರೂ ನೋಡಿದರು. ಆಮೇಲೆ ವಾದ ಮುಂದುವರಿಯಲಿಲ್ಲ. ಒಂದಷ್ಟು ದಿನ ಅಲ್ಲಿದ್ದು ಬರಲಿ, ಮನಸ್ಸು ಬದಲಾದ ಮೇಲೆ ಕರೆತರೋಣ ಎಂದು ಮಗ ಹೆಂಡತಿಗೆ ಮೆಲ್ಲಗೆ ಹೇಳಿದ. ಹೇಳಿದಾಗ ಎದೆ ಹಗುರಾದದ್ದು ಅವನಿಗೇ ತಿಳಿಯಿತು.

ಕಾರಿನಲ್ಲಿ ಅವನು ಗಾಜುಗಳನ್ನು ಏರಿಸಿ ಏಸಿ ಹಾಕಿದ. ಅವಳಿಗೆ ತಾನಾಗಿಯೇ ಗೊತ್ತಾಗಲಿ ಎಂದು ಏನೂ ಹೇಳದೆ ಓಡಿಸಿದ. ಪೇಟೆ ದಾಟಿತು. ದೊಡ್ಡ ಗೋದಾಮುಗಳ ಸಾಲು ಬಂತು. ಕನ್ನಡಿಯ ಕಡೆ ನೋಡದೆ ಇರಲು ಅವನು ಕಷ್ಟಪಡುತ್ತಿದ್ದ.

"ಬರ್ತಿದೆ ಅಲ್ವಾ?" ಎಂದಳು ಅಮ್ಮ ಹಿಂದಿನಿಂದ.

"ಏನಮ್ಮ?"

"ವಾಸನೆ."

"ಇಲ್ಲಮ್ಮ. ಏನೂ ಇಲ್ಲ."

"ಬರ್ತಿದೆ. ಗಾಜು ಇಳಿಸು, ನಿಮಗೆ ತಲೆನೋವು ಬರುತ್ತೆ."

ಸೊಸೆ ಅಮ್ಮನ ಪಕ್ಕದಲ್ಲೇ ಕೂತಿದ್ದಳು. ಗಾಜು ಇಳಿಸಿದವಳು ಅವಳೇ.

ಆರೈಕೆ ಕೇಂದ್ರದ ಮುಂಗೋಣೆಯಲ್ಲಿ ಒಂದು ಮೇಜು, ಎರಡು ಬೆಂಚು. ನೀಲಿ ಅಂಗಿಯ ದಾದಿ ನಿಂತುಕೊಂಡೇ ಕೇಳುತ್ತಿದ್ದಳು. ಊಟ ತಾವೇ ಮಾಡ್ತಾರಾ, ನಡೀತಾರಾ, ನಿದ್ದೆ ಬರುತ್ತಾ. ಮಗ ಒಂದೊಂದಕ್ಕೂ ಹೇಳುತ್ತಾ ಹೋದ.

"ತಡೆಯೋಕೆ ಆಗುತ್ತಾ?"

"ಆಗುತ್ತೆ," ಎಂದ ಮಗ.

"ಆಗಲ್ಲ," ಎಂದಳು ಅಮ್ಮ.

ದಾದಿ ಇಬ್ಬರನ್ನೂ ನೋಡಿದಳು.

"ಹೊತ್ತು ಹೊತ್ತಿಗೆ ಕರ್ಕೊಂಡು ಹೋದ್ರೆ ಸಾಕು," ಎಂದು ಮಗ ಆತುರದಿಂದ ಹೇಳಿದ. "ಡಾಕ್ಟರ್ ಹೇಳಿದ್ದಾರೆ. ಡೈಪರ್ ಬೇಡ ಅಂದಿದ್ದಾರೆ. ಅವರಿಗೆ ಆ ತೊಂದರೇನೇ ಇರಲಿಲ್ಲ, ಅದು..." ಇಲಿಯ ವಿಷಯ ಹೇಳಲು ಹೊರಟವನು ಅಮ್ಮನ ಮುಖ ನೋಡಿ ನಿಲ್ಲಿಸಿದ. ಅವಳು ಅವನ ಪರವಾಗಿ ನಾಚಿಕೊಂಡವಳಂತೆ ನೆಲ ನೋಡುತ್ತಿದ್ದಳು.

"ಸಾರ್, ಒಂದು ವಾರ್ಡಿಗೆ ನಾವಿರೋದು ಇಬ್ಬರು," ಎಂದಳು ದಾದಿ. ದನಿಯಲ್ಲಿ ಒರಟುತನವೇನೂ ಇರಲಿಲ್ಲ. "ಅವರೇ ಆಗಲ್ಲ ಅಂತಿದ್ದಾರೆ. ಅವರ ಮೈ ವಿಷಯ ಅವರಿಗೆ ಗೊತ್ತಿರಲ್ವಾ? ಬನ್ನಿ ಅಜ್ಜಿ."

ಒಳಗಿನ ಬಾಗಿಲ ತನಕ ಮಗ ಸೊಸೆ ಇಬ್ಬರೂ ಜೊತೆಗೆ ಹೋದರು. ಒಳಗೆ ಗೋಡೆಗುಂಟ ಮಂಚಗಳು, ನಡುವೆ ಪರದೆ. ದಾದಿ ಕಪಾಟಿನಿಂದ ಡೈಪರಿನ ಒಂದು ಪೊಟ್ಟಣ ತೆಗೆದು ಹರಿದಳು. ಅಮ್ಮ ಬಾಗಿಲಿನಲ್ಲಿ ನಿಂತು, ಮಗನ ಕೈಯಿಂದ ತನ್ನ ಕೈ ಬಿಡಿಸಿಕೊಂಡಳು.

"ಹೊರಡಿ," ಎಂದಳು. "ನಿಮ್ಮ ಮುಂದೆ ಬೇಡ."

ಅವರು ಹೊರಗೆ ಬಂದರು. ಒಳಗಡೆ ಪರದೆ ಎಳೆದ ಸದ್ದಾಯಿತು.